ಕ್ಯೂಬಿನ ಮೇಲಿನ ಹೆಸರು

ತೋಳನ್ನು ಭುಜದವರೆಗೆ ಇಳಿಬಿಟ್ಟರೂ ಗುರುದೇವಿಯ ಬೆರಳಿಗೆ ನೀರು ತಾಗಲಿಲ್ಲ. ತೊಟ್ಟಿಯ ತಳ ಫಳಫಳ ಹೊಳೆಯುತ್ತಿತ್ತು. ಅದರೊಳಗೆ ಮುಳುಗಿರಬೇಕಾಗಿದ್ದ ಅವಳ ಕಾಂಕ್ರೀಟ್ ಕ್ಯೂಬುಗಳು ಲ್ಯಾಬಿನ ಕಿಟಕಿಯ ಕೆಳಗೆ ಬಿಸಿಲಿಗೆ ಮೈ ಕಾಯಿಸುತ್ತ ಸಾಲಾಗಿ ಕೂತಿದ್ದವು.

“ನೀರು ಹೊರಗ ಬಿಟ್ಟವ್ರು ಯಾರು?”

“ನಾವ ರೀ ಅಕ್ಕಾ,” ಎಂದಳು ಸೆಕೆಂಡ್ ಇಯರಿನ ಕಾವ್ಯಾ, ಶಾಭಾಸ್‌ಗಿರಿಗೆ ಕಾದವಳಂತೆ. “ದಸರಾ ರಜಾಕ್ಕ ಹೋಗೂ ಮುಂದ ನೀವ ಹೇಳಿದ್ರಲ್ಲ, ಪಾಚಿ ಕಟ್ಟೇತಿ, ತೊಟ್ಟಿ ತೊಳೀರಿ ಅಂತ. ಕನ್ನಡಿ ಮಾಡಿಟ್ಟೇವಿ ನೋಡ್ರಿ.”

“ಮತ್ತ ನೀರು ತುಂಬಲಿಲ್ಲ?”

“ಅದನ್ನ ನೀವು ಹೇಳಲಿಲ್ಲಲ್ರಿ.”

ನಾರಾಯಣಗೂಡದ ಆ ಕಾಲೇಜಿನ ಸಿವಿಲ್ ಇಂಜಿನಿಯರಿಂಗ್ ಬ್ಲಾಕಿನಲ್ಲಿ ಫೈನಲ್ ಇಯರಿನವರ ಮಾತು ನಡೆಯುತ್ತಿದ್ದದ್ದೇ ಹಾಗೆ. ಹೇಳಿದ್ದಕ್ಕಿಂತ ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಗುರುದೇವಿಯೂ ಒಂದು ಕಾಲಕ್ಕೆ ಸೀನಿಯರುಗಳಿಗೆ ಮರಳು ಜರಡಿ ಹಿಡಿದವಳೇ. ಈಗ ಅವಳು ಬಂದರೆ ಸ್ಟೂಲು ತಾನಾಗಿ ಖಾಲಿಯಾಗುತ್ತಿತ್ತು, ಕ್ಯಾಂಟೀನಿನ ವಿಠಲ ಕೇಳುವ ಮೊದಲೇ ಚಹಾ ಕಳಿಸುತ್ತಿದ್ದ. ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ, ಮೂವರು ಅಕ್ಕಂದಿರ ಕೆಳಗೆ ಬೆಳೆದು ಯಾರಿಗೂ ಒಂದು ಲೋಟ ನೀರು ತಾ ಅನ್ನಲಾಗದವಳು ಇಲ್ಲಿ ಹುಬ್ಬೆತ್ತಿದರೆ ಸಾಕಿತ್ತು. ಆ ಠೀವಿ ಅವಳಿಗೆ ಒಪ್ಪುತ್ತಿತ್ತು. ಅವಳಿಗೂ ಅದು ಗೊತ್ತಿತ್ತು.

ಪ್ರಾಜೆಕ್ಟಿನ ಜೊತೆಗಾರ ವೆಂಕಟೇಶ ಒಂದು ಕ್ಯೂಬನ್ನು ಉಗುರಿನಿಂದ ಕೆರೆದ. ಬಿಳಿ ಪುಡಿ ಉದುರಿತು.

“ಮೊದಲೇ ಇದು ಬೂದಿ ಬೆರೆಸಿದ ಕಾಂಕ್ರೀಟು. ನೀರಾಗ ಇದ್ದಷ್ಟು ಗಟ್ಟಿ ಆಗೂದು. ಸೋಮವಾರ ಹೊರಗಿನ ಎಕ್ಸಾಮಿನರ್ ಮಶೀನಿಗಿಟ್ಟು ಒತ್ತಿದ್ರ ಮುಗೀತು, ಚುರುಮುರಿ. ಹೊಸಾವು ಮಾಡಬೇಕಂದ್ರ ತಿಂಗಳು ಬೇಕು.”

ಅವನು ಸ್ಟೂಲು ಹತ್ತಿ ಕಪಾಟಿನ ಮೇಲಿಂದ ಮೂರು ಕ್ಯೂಬುಗಳನ್ನು ಇಳಿಸಿದ. ಪ್ರತಿ ಬ್ಯಾಚೂ ಮೂರು ಕ್ಯೂಬುಗಳನ್ನು ಒಡೆಯದೆ, ಕೆಂಪು ಪೇಂಟಿನಲ್ಲಿ ಹೆಸರು ಬರೆದು ಬಿಟ್ಟುಹೋಗುವುದು ಅಲ್ಲಿಯ ವಾಡಿಕೆ. ಇವು ಹೋದ ವರ್ಷದವು. ಮೇಲೆ ಉಮಾಶ್ರೀ ಎಂದು ಬರೆದಿತ್ತು. ಅಚ್ಚಿನೊಳಗಿನ ಕಾಂಕ್ರೀಟನ್ನು ಸರಳಿನಿಂದ ಹೇಗೆ ಕುಟ್ಟಬೇಕೆಂದು ಗುರುದೇವಿಯ ಮಣಿಕಟ್ಟು ಹಿಡಿದು ಕಲಿಸಿದವಳು ಆ ಉಮಾಶ್ರೀ.

“ಕಬ್ಬಿಣ ಇದ್ದಂಗ ಅದಾವು,” ಎಂದ ವೆಂಕಟೇಶ. “ಸೋಮವಾರ ಇವನ್ನ ನಮ್ಮವು ಅಂತ ಇಡೂಣು. ಕಾವ್ಯಾ, ಆ ಪಾಲಿಶ್ ಪೇಪರ್ ತಗೊಂಡು ಹೆಸರು ತಿಕ್ಕಿಬಿಡವಾ.”

ಸೀನಿಯರ್ ಹೇಳಿದ ಮೇಲೆ ಇನ್ನೇನು? ಕಾವ್ಯಾ ಕೂತು ತಿಕ್ಕತೊಡಗಿದಳು. ‘ಉ’ ಅಳಿಸಿಹೋಯಿತು. ಅವಳು ಕತ್ತೆತ್ತಿ ಕೇಳಿದಳು, “ಅಕ್ಕಾ, ನಾವು ಫೈನಲ್ ಇಯರಿಗೆ ಬಂದಾಗ ನಿಮ್ಮ ಹೆಸರು ಹಿಂಗ ತಿಕ್ಕೂದೇನ್ರಿ?”

ಅದರಲ್ಲಿ ಚೇಷ್ಟೆ ಇರಲಿಲ್ಲ. ಕೆಲಸ ಕಲಿಯುವವಳ ಪ್ರಶ್ನೆ ಅದು.

ಗುರುದೇವಿ ಅವಳ ಕೈಯಿಂದ ಪೇಪರು ಕಸಿದು ಕಿಟಕಿಯಾಚೆ ಎಸೆದಳು. ನಲ್ಲಿ ತಿರುಗಿಸಿದಳು. ತೋಳೇರಿಸಿ ತನ್ನ ಕ್ಯೂಬುಗಳನ್ನು ಒಂದೊಂದಾಗಿ ಎದೆಗವಚಿ ತಂದು ತೊಟ್ಟಿಗಿಳಿಸತೊಡಗಿದಳು. ಎತ್ತಲು ಬಂದ ಕಾವ್ಯಾಳನ್ನು ಮೊಣಕೈಯಿಂದ ಸರಿಸಿದಳು.

“ಸೋಮವಾರ ಇವನ್ನ ಒಡೀತೀವಿ. ಎಷ್ಟು ಬಲ ಬರತೈತಿ ಅಷ್ಟು.”

“ಕಡಿಮಿ ಬಂದು ಯಾಕಂತ ಕೇಳಿದ್ರ?” ಎಂದ ವೆಂಕಟೇಶ.

“ತೊಟ್ಟಿ ತೊಳೀರಿ ಅಂದಾಕಿ ನಾನು, ನೀರು ತುಂಬ್ರಿ ಅನ್ನಲಿಲ್ಲ. ಹಂಗ ಹೇಳ್ತೀನಿ.”

“ಈಕಿ ಮುಂದ ದೊಡ್ಡಾಕಿ ಆಗಾಕತ್ತಿ. ಗ್ರೇಡು ನಂದೂ ಹೋಗತೈತಲೇ.”

“ಹೌದು, ನಿಂದೂ ಹೋಗತೈತಿ,” ಎಂದಳು ಗುರುದೇವಿ. ಅವನ ಮುಖ ನೋಡಿಯೇ ಅಂದಳು. ಆದರೆ ನಲ್ಲಿ ನಿಲ್ಲಿಸಲಿಲ್ಲ.

ವೆಂಕಟೇಶ ಪೇಂಟಿನ ಡಬ್ಬಿ ತೆಗೆದು, ಬ್ರಶ್ಶು ಅದ್ದಿ ಅವಳತ್ತ ಚಾಚಿದ. “ಹಳೇ ಹೆಸರಿನ ಮ್ಯಾಲೆ ಬರದ್ರೂ ನಡೀತೈತಿ. ಯಾರೂ ನೋಡಂಗಿಲ್ಲ. ಬರಿ, ಗುರುದೇವಿ.”

ಕೆಂಪು ಹನಿಯೊಂದು ತೊಟ್ಟಿಯ ಅಂಚಿಗೆ ಬಿತ್ತು. ಕಾವ್ಯಾ ಇಬ್ಬರನ್ನೂ ನೋಡುತ್ತಿದ್ದಳು.

“ನಾ ಬರಿಯಂಗಿಲ್ಲ,” ಎಂದಳು ಗುರುದೇವಿ.