ತಕರಾರು ಐತಿ

ನಮ್ಮ ಮನೆಯಲ್ಲಿ ಬಂದೂಕಿಗೆ ಇದ್ದ ಮರ್ಯಾದೆ ಸೊಸೆಗೆ ಇರಲಿಲ್ಲ. ದಸರೆಯ ಖಂಡೆಪೂಜೆಯ ದಿನ ಅದನ್ನು ಒರೆಸಿ, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಮನೆಮಂದಿಯೆಲ್ಲ ಕೈಮುಗಿಯುತ್ತಿದ್ದರು. ನಾನು ಒಳಗೆ ಒಲೆ ಮುಂದೆ ಹೋಳಿಗೆ ಬೇಯಿಸುತ್ತಿದ್ದೆ. ಲೈಸನ್ಸು ಇದ್ದದ್ದು ಮಾವ ಲಗಮಣ್ಣನವರ ಹೆಸರಿನಲ್ಲಿ. ಹೋದ ವರ್ಷ ಅವರು ತೀರಿಕೊಂಡಾಗ ಬಂದೂಕನ್ನು ಠಾಣೆಗೆ ಒಪ್ಪಿಸಬೇಕಾಯಿತು. ಆ ದಿನ ಅತ್ತೆ ಶಿವಗಂಗವ್ವ ಇನ್ನೊಂದು ಸಲ ಅತ್ತರು.

ಅದನ್ನು ಮನೆಗೆ ವಾಪಸ್ ತರಬೇಕು, ಲೈಸನ್ಸು ನನ್ನ ಮಗ ರೋಹನನ ಹೆಸರಿಗೆ ಮಾಡಬೇಕು ಅಂತ ಮೈದುನ ದುಂಡೇಶ ಪಟ್ಟು ಹಿಡಿದ. ರೋಹನನಿಗೆ ಈಗ ಇಪ್ಪತ್ತೆರಡು. ಅವನ ಅಪ್ಪ ತೀರಿಕೊಂಡು ಹತ್ತು ವರ್ಷವಾಯಿತು, ಕಾಕಾನೇ ಅವನಿಗೆ ಎಲ್ಲ. ಹಂದಿಯ ಕಾಟ ಸುಳ್ಳಲ್ಲ. ನಮ್ಮೂರು ಶಿರಗುಪ್ಪಿಯ ಕಬ್ಬಿನಲ್ಲಿ ಹಿಂಡು ಒಮ್ಮೆ ನುಗ್ಗಿದರೆ ಅರ್ಧ ಎಕರೆ ನೆಲಕ್ಕೆ ಮಲಗುತ್ತದೆ. ಬಂದೂಕು ಬೇಡ ಅಂತ ನಾನು ಯಾವತ್ತೂ ಹೇಳಿದವಳಲ್ಲ. ಅದನ್ನು ಹಿಡಿಯುವವನಿಗೆ ಹಿಡಿಯಲು ಬರಬೇಕು, ನನ್ನ ಜಗಳ ಇಷ್ಟೇ.

ಅರ್ಜಿಗೆ ಎರಡು ಕಾಗದ ಬೇಕಿದ್ದವು. ಒಂದು ತರಬೇತಿಯ ಸರ್ಟಿಫಿಕೇಟು. ಅದನ್ನು ಚಿಕ್ಕೋಡಿಯ ಶುಭಮ ಅನ್ನುವ ಏಜೆಂಟ ಮಾಡಿಸಿಕೊಟ್ಟಿದ್ದ. ರೋಹನ ಹೋಗಿ ಒಂದು ಫೋಟೊ ತೆಗೆಸಿಕೊಂಡು, ವಡಾಪಾವ್ ತಿಂದು, ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದ. ಬಂದೂಕು ತುಂಬುವುದು, ತೆಗೆಯುವುದು, ಹಿಡಿದು ನಡೆಯುವುದು ಎಲ್ಲ ಕಲಿತಿದ್ದಾನೆ ಅಂತ ಅದರಲ್ಲಿ ಬರೆದಿತ್ತು. ಇನ್ನೊಂದು, ಉಳಿದ ವಾರಸುದಾರರ ಒಪ್ಪಿಗೆಪತ್ರ. ಅತ್ತೆ ಹೆಬ್ಬೆಟ್ಟು ಒತ್ತಿದ್ದರು, ದುಂಡೇಶ ಸಹಿ ಮಾಡಿದ್ದ. ನನ್ನದೊಂದು ಬಾಕಿ ಇತ್ತು.

ರವಿವಾರ ಮುಂಜಾನೆ ದುಂಡೇಶ ಆ ಕಾಗದ ತಂದು ಮನೆ ಮುಂದಿನ ಕಟ್ಟೆಯ ಮೇಲೆ ಇಟ್ಟ.

"ವೈನಿ, ಇಲ್ಲೊಂದ ಸಹಿ ಮಾಡ್ರಿ, ಮುಗೀತು."

"ರೋಹನ ಕಲ್ತ ಬಂದಾನೇನು?"

"ಸರ್ಟಿಫಿಕೇಟ ಐತಲ್ಲರಿ."

"ಸರ್ಟಿಫಿಕೇಟ ಕಲ್ತಿರಬಹುದು. ನಾ ರೋಹನನ ಸುದ್ದಿ ಕೇಳಾಕತ್ತೇನಿ."

ಅತ್ತೆಗೆ ಸಿಟ್ಟು ಬಂತು. "ನಿಮ್ಮ ಮಾವ ಯಾವ ಸಾಲಿಗಿ ಹೋಗಿ ಕಲ್ತಿದ್ದರಬೇ? ಗಂಡಸರ ಕೈಗೆ ಅದು ತಾನ ಬರತೈತಿ."

"ತಾನ ಬರೂದು ಮೀಸಿ, ಅತ್ತ್ಯಾರ. ಬಂದೂಕ ಅಲ್ಲ."

ರೋಹನ ನಕ್ಕ. ಆ ನಗು ಕಂಡು ನನಗೆ ಇನ್ನಷ್ಟು ರೇಗಿತು. ದನಗಳಿಗೆ ತಂದಿದ್ದ ಕಬ್ಬಿನ ಹೊರೆಯಿಂದ ಒಂದು ಜಲ್ಲೆ ಎಳೆದು ಅವನ ಕೈಗೆ ಕೊಟ್ಟೆ.

"ತಗೋ, ಇದ ಬಂದೂಕ. ಹೊಲದಾಗಿಂದ ಮನಿಗಿ ಬರಾಕತ್ತಿ ಅಂತ ತಿಳಿ. ಹೆಂಗ ಹಿಡದ ಬರತಿ, ತೋರಸು. ಪಾಸ ಆದಿ ಅಂದ್ರ ಈಗ ಸಹಿ ಮಾಡತೇನಿ."

ಅಂಗಳದ ಆ ತುದಿಯಲ್ಲಿ ದಾದಾಸಾಹೇಬ ಮೇವಿನ ಹೊರೆ ಹೊತ್ತು ಬರುತ್ತಿದ್ದ. ಭೋಜ ಅನ್ನುವ ಊರಿನಿಂದ ಬಂದವನು, ಇಪ್ಪತ್ತು ವರ್ಷದಿಂದ ನಮ್ಮಲ್ಲಿ ದುಡಿಯುತ್ತಾನೆ. ಆರು ವರ್ಷದ ಹಿಂದೆ ಅವನ ಎಡಗಣ್ಣು ಹೋಯಿತು. ಪಟಾಕಿ ಸಿಡಿದು ಹೋಯಿತು ಅಂತ ಊರು ನಂಬಿತ್ತು, ರೋಹನನೂ ನಂಬಿದ್ದ.

ರೋಹನ ಜಲ್ಲೆಯನ್ನು ತೋಳಿನ ಮೇಲೆ ಅಡ್ಡ ಹಿಡಿದು ಫೋಟೊಗೆ ನಿಂತವನಂತೆ ಎದೆ ಉಬ್ಬಿಸಿ ನಡೆದ. ಅದರ ತುದಿ ಮೊದಲು ಅಜ್ಜಿಯ ಮೇಲೆ ಹಾಯಿತು, ಆಮೇಲೆ ನನ್ನ ಮೇಲೆ. ತಿರುಗಿದಾಗ ನೆಟ್ಟಗೆ ದಾದಾಸಾಹೇಬನ ಮುಖಕ್ಕೆ ಬಂತು. ಅವನು ಹೊರೆ ಕೆಡವಿ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಖಾಲಿ! ಖಾಲಿ!" ಅಂತ ಕೂಗಿದ.

"ಖಾಲಿನ ಐತೋ ದಾದಾ, ಕಬ್ಬಿನಾಗ ಎಲ್ಲಿ ಗುಂಡ ಬರಬೇಕು? ನೋಡ ಬೇಕಾದ್ರ," ಅಂದ ರೋಹನ. ಬೆರಳು ಮಡಚಿ ಬಾಯಲ್ಲೇ "ಢಂ" ಅಂದ.

ಯಾರೂ ನಗಲಿಲ್ಲ. ದುಂಡೇಶನ ಮುಖ ಬೂದಿಯಾಯಿತು. ನಾನು ರೋಹನನ ಎದುರಿಗೆ ಹೋಗಿ ನಿಂತೆ.

"ಅವ ಏನಂದ, ತಿಳೀತೇನೋ ನಿನಗ?"

"ಖಾಲಿ ಐತೇನು ಅಂತ ಕೇಳಿದ."

"ಇಲ್ಲ. ಅವ ಗಾಬರಿ ಆದ್ರ ಮರಾಠಿ ಮಾತಾಡತಾನ. ಮರಾಠಿ ಒಳಗ ಖಾಲಿ ಅಂದ್ರೇನು?"

ರೋಹನನಿಗೆ ಮರಾಠಿ ಬರುವುದಿಲ್ಲ ಅಂತಲ್ಲ. ನಮ್ಮ ಕಡೆ ಎಲ್ಲರಿಗೂ ಎರಡೂ ಭಾಷೆ ಬರುತ್ತವೆ, ಒಂದೇ ಮಾತಿನಲ್ಲಿ ಎರಡನ್ನೂ ಕಲಸಿ ಆಡುತ್ತೇವೆ, ಯಾವುದು ಯಾವ ಭಾಷೆಯದು ಅಂತ ನಿಂತು ನೋಡುವುದಿಲ್ಲ.

"ಕೆಳಗ," ಅಂದ ಕೊನೆಗೆ.

"ಹೌದು. ಕೆಳಗ ಹಿಡಿ ಅಂದ ಅವ. ನೀ ಬರಿದು ಅಂತ ತಿಳದಿ. ಆರ ವರ್ಷದ ಹಿಂದ ನಿಮ್ಮ ಕಾಕಾನೂ ಹಿಂಗ ತಿಳದಿದ್ದ."

"ವೈನಿ!" ಅಂತ ದುಂಡೇಶ ಚೀರಿದ. "ಆ ಮಾತ ಬ್ಯಾಡ್ರಿ."

ಬೇಕಿತ್ತು. ಆರು ವರ್ಷ ನುಂಗಿದ್ದನ್ನು ಮಗನ ಮುಂದೆ ಕಕ್ಕಿದೆ. ಅವತ್ತು ಕಬ್ಬು ಕಡಿಯುತ್ತ ಕಡಿಯುತ್ತ ಕೊನೆಯ ನಾಲ್ಕು ಸಾಲು ಉಳಿದಿತ್ತು, ಅದರೊಳಗೆ ಹಂದಿ ಅಡಗಿತ್ತು. ದುಂಡೇಶ ಅಪ್ಪನ ಬಂದೂಕು ಒಯ್ದ. ಅವನ ಹೆಸರಿಗೆ ಲೈಸನ್ಸು ಇರಲಿಲ್ಲ. ಹಂದಿ ತಪ್ಪಿಸಿಕೊಂಡಿತು. ವಾಪಸ್ ಬರುವಾಗ ಬಂದೂಕಿನ ಬಾಯಿ ದಾದಾಸಾಹೇಬನ ಕಡೆಗಿತ್ತು. "ಖಾಲಿ, ಖಾಲಿ," ಅಂದ ದಾದಾಸಾಹೇಬ. "ಖಾಲಿನ ಐತಿ, ನೋಡ," ಅಂದ ದುಂಡೇಶ, ತೋರಿಸಲಿಕ್ಕೆ ಅಂತಲೇ ನಳಿಗೆಯನ್ನು ಪಕ್ಕದ ಗೋಡೆಗೆ ತಿರುಗಿಸಿ ಬಂದೂಕಿನ ಕುದುರೆ ಎಳೆದ. ಪಂಪ್‌ಶೆಡ್ಡಿನ ಗೋಡೆಗೆ ಬಡಿದು ಹಾರಿದ ಒಂದು ಛರ್ರೆ ಗುಂಡು ದಾದಾಸಾಹೇಬನ ಕಣ್ಣಿಗೆ ಹೊಕ್ಕಿತು. ನಳಿಗೆ ಬಗ್ಗಿಸಿ ಒಳಗೆ ತೋಟಾ ಇದೆಯೋ ಇಲ್ಲವೋ ನೋಡಬೇಕು ಅಂತ ದುಂಡೇಶನಿಗೆ ಯಾರೂ ಕಲಿಸಿರಲಿಲ್ಲ. ಒಂದು ದಿನದ ತರಬೇತಿ ಸಾಕಿತ್ತು.

"ಮತ್ತ ಪಟಾಕಿ?" ಅಂದ ರೋಹನ.

"ದವಾಖಾನ್ಯಾಗ ಡಾಕ್ಟರ ಕೇಳಿದಾಗ ಪಟಾಕಿ ಅಂತ ಹೇಳಿದಾಕಿ ನಾನ."

ಮನೆತನದ ಮಾನ ಉಳಿಸಿದೆ ಅಂತ ಅವತ್ತು ಅತ್ತೆ ನನ್ನನ್ನು ಮೊದಲ ಸಲ ಹೊಗಳಿದ್ದರು. 

ರೋಹನ ಜಲ್ಲೆ ಕೆಳಗಿಟ್ಟ. "ಕಾಕಾ, ಖರೇನ?" ಅಂದ. ದುಂಡೇಶ ಕಾಗದದ ಕಡೆ ಕೈ ಚಾಚಿದ.

ನಾನು ಕಾಗದ ಎತ್ತಿಕೊಂಡೆ. 'ಲೈಸನ್ಸು ವರ್ಗಾಯಿಸಲು ನನ್ನ ತಕರಾರು ಇಲ್ಲ' ಅಂತ ಟೈಪ್ ಮಾಡಿದ್ದರು. 'ಇಲ್ಲ'ಕ್ಕೆ ಗೀಟು ಹೊಡೆದು 'ಐತಿ' ಅಂತ ಬರೆದೆ. ಶುದ್ಧ ಬರವಣಿಗೆ ನನಗೂ ಬರುತ್ತದೆ, ಆದರೆ ನನ್ನ ತಕರಾರು ನನ್ನ ಮಾತಿನಲ್ಲೇ ಇರಲಿ ಅನ್ನಿಸಿತು. ಅರ್ಜಿದಾರ ತರಬೇತಿ ಪಡೆದಿಲ್ಲ, ಸರ್ಟಿಫಿಕೇಟು ಸುಳ್ಳು, ಈ ಬಂದೂಕಿನಿಂದ ಈಗಾಗಲೇ ಒಬ್ಬನ ಕಣ್ಣು ಹೋಗಿದೆ ಅಂತ ಕೆಳಗೆ ಬರೆದು ಸಹಿ ಮಾಡಿದೆ.

"ಸ್ವಂತ ಮಗನ ಅರ್ಜಿ ಕೆಡಿಸಿದೆಲ್ಲಬೇ," ಅಂತ ಅತ್ತೆ ಹಣೆ ಬಡಿದುಕೊಂಡರು.

"ಕಲ್ತ ಬರಲಿ, ಖರೇ ಪರೀಕ್ಷಾ ಪಾಸ ಆಗಲಿ. ಅವತ್ತ ನಾನ ಹಾರ ಹಾಕತೇನಿ ಆ ಬಂದೂಕಿಗೆ."

ದುಂಡೇಶನಿಗೆ ಈಗ ಬಾಯಿ ಬಂತು. "ಇದನ್ನ ಯಾರ ನಂಬತಾರ್ರಿ ವೈನಿ? ಸಾಕ್ಷಿ ಯಾರ ಅದಾರ?"

ನಾನು ದಾದಾಸಾಹೇಬನ ಕಡೆ ನೋಡಿದೆ. ಅವನು ಕೈ ಒರೆಸಿಕೊಂಡು ಬಂದು ಕಟ್ಟೆಯ ಮೇಲೆ ಕೂತ. ಇಪ್ಪತ್ತು ವರ್ಷದಲ್ಲಿ ಅವನು ಅಲ್ಲಿ ಕೂತದ್ದನ್ನು ನಾನು ನೋಡಿರಲಿಲ್ಲ, ಕೂರು ಅಂತ ನಾವು ಯಾರೂ ಹೇಳಿಯೂ ಇರಲಿಲ್ಲ.

"ಸಾಕ್ಷಿ ಅಂತ ಸಹಿ ಮಾಡತೀಯೇನು ದಾದಾಸಾಹೇಬ?" ಅಂದೆ.

"ನಾ ಯಾಕ ಸಾಕ್ಷಿ ಆಗಲಿರಿ, ಅಕ್ಕಾರ? ಕಣ್ಣ ಹೋಗಿದ್ದ ನಂದು," ಅಂದ. ಕಾಗದವನ್ನು ನನ್ನ ಕಡೆ ಸರಿಸಿದ. "ಇದು ನಿಮ್ಮ ತಕರಾರ ಆತು. ನಂದ ಬರಿಯಾಕ ಇನ್ನೊಂದ ಹಾಳಿ ಕೊಡ್ರಿ."

ಅದರಲ್ಲಿ ದುಂಡೇಶನ ಜೊತೆ, ಪಟಾಕಿ ಅಂತ ಸುಳ್ಳು ಹೇಳಿದ ನನ್ನ ಹೆಸರೂ ಬರುತ್ತದೆ ಅಂತ ನನಗೆ ಗೊತ್ತಿತ್ತು. ಒಳಗೆ ಹೋಗಿ ಹಾಳೆ ತಂದು ಕೊಟ್ಟೆ.