ಹೊಲಿಗೆ ಕೋಣೆಯ ಕೆಮ್ಮು

ಅದು ಮಹಡಿಯ ಮೇಲಿನ ಉದ್ದನೆಯ ಕೋಣೆ. ಐದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸಲು ಒಂದು ದೊಡ್ಡ ಮೇಜು, ಮೂಲೆಯಲ್ಲಿ ಇಸ್ತ್ರಿ. ಒಂದು ವರ್ಷದಿಂದ ಅಲ್ಲಿ ಶಾಲಾ ಮಕ್ಕಳ ನೀಲಿ ಸಮವಸ್ತ್ರ ಬಿಟ್ಟರೆ ಬೇರೇನೂ ಹೊಲಿದಿರಲಿಲ್ಲ. ನಡೆಸುವವಳು ಸೊಸೆ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಬಂದವರನ್ನೂ ಹೋದವರನ್ನೂ ಗಮನಿಸುವವರು ಮಾವ. ಮೂವತ್ತು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ನೌಕರಿ ಬಿಟ್ಟಿದ್ದರು, ತಪಾಸಣೆ ಬಿಟ್ಟಿರಲಿಲ್ಲ.

ಆ ವರ್ಷ ಕೋಣೆಗೆ ಕೆಮ್ಮು ಹತ್ತಿಕೊಂಡಿತು. ಮೊದಲು ಗುಂಡಿ ಹಾಕುವ ಹೆಂಗಸಿಗೆ. ಅವಳನ್ನು ಎಲ್ಲರೂ ಗುಂಡಿ ಅಕ್ಕ ಅಂತಲೇ ಕರೆಯುತ್ತಿದ್ದರು. ಆಮೇಲೆ ಇಸ್ತ್ರಿಯವಳಿಗೆ, ಕೊನೆಗೆ ಸೊಸೆಗೂ. ವಾರಕ್ಕೆ ಒಬ್ಬರಾದರೂ ರಜೆ ಕೇಳುವುದು ವಾಡಿಕೆಯಾಯಿತು.

ಮಾವನಿಗೆ ಅನುಮಾನ. ಭಾನುವಾರ ಮಾರುಕಟ್ಟೆಯಲ್ಲಿ ಗುಂಡಿ ಅಕ್ಕ ಗೆಳತಿಯ ಜೊತೆ ಗಂಟೆಗಟ್ಟಲೆ ಹರಟುತ್ತಿದ್ದುದನ್ನು ಅವರು ಕಣ್ಣಾರೆ ಕಂಡಿದ್ದರು. ಒಂದು ಸಲವೂ ಕೆಮ್ಮಿರಲಿಲ್ಲ.

"ಭಾನುವಾರ ಇಲ್ಲದ ಕೆಮ್ಮು ಸೋಮವಾರ ಎಲ್ಲಿಂದ ಬರುತ್ತೆ? ಇದು ರಜೆ ಕೆಮ್ಮು ಕಣಮ್ಮ," ಎಂದು ಸೊಸೆಗೆ ಹೇಳಿದರು. ಮೆಲ್ಲಗೆ ಹೇಳಿದ್ದೇನೋ ನಿಜ, ಆದರೆ ಯಂತ್ರಗಳು ಅದೇ ಗಳಿಗೆಗೆ ನಿಂತಿದ್ದವು. ಗುಂಡಿ ಅಕ್ಕನಿಗೆ ಕೇಳಿಸಿತು. ಅಂದಿನಿಂದ ಅವಳು ಬಾಯಿಗೆ ಬಟ್ಟೆಯ ಚೂರು ಒತ್ತಿಕೊಂಡು ಕೆಮ್ಮನ್ನು ನುಂಗತೊಡಗಿದಳು. ರಜೆ ಕೇಳುವುದನ್ನೂ ಬಿಟ್ಟಳು.

ಹೀಗಿರುವಾಗ ಸೊಸೆಗೆ ಯಾವುದೋ ಕಂಪನಿಯವರ ಫೋನ್ ಬಂತು. ಎ.ಸಿ.ಯ ತಂಪು ಗಾಳಿಯನ್ನು ಕೋಣೆಗೆ ತರುವ ತಗಡಿನ ಕೊಳವೆ ಇರುತ್ತದಲ್ಲ, ಡಕ್ಟ್ ಅನ್ನುತ್ತಾರೆ, ಅದನ್ನು ಬಹಳ ಅಗ್ಗವಾಗಿ ಸ್ವಚ್ಛ ಮಾಡಿಕೊಡುತ್ತೇವೆ ಎಂದರು. ಸೊಸೆ ಒಪ್ಪಿದಳು. ಇಬ್ಬರು ಬಂದು ಕೊಳವೆಯ ಬಾಯಿಗೆ ಹಾಕಿದ ಜಾಲರಿಗೆ ಪುಟ್ಟದೊಂದು ಹೀರುವ ಯಂತ್ರ ಹಿಡಿದರು. ಇಪ್ಪತ್ತು ನಿಮಿಷಕ್ಕೆ ಕೆಲಸ ಮುಗಿಯಿತು. ಆಮೇಲೆ ಒಂದು ಚೀಲದಲ್ಲಿ ಕಪ್ಪು ದೂಳು ತೋರಿಸಿ, ಒಳಗೆಲ್ಲ ವಿಷದ ಬೂಷ್ಟು, ಈಗಲೇ ಔಷಧಿ ಸಿಂಪಡಿಸದಿದ್ದರೆ ಎಲ್ಲರ ಜೀವಕ್ಕೂ ಅಪಾಯ, ಅದಕ್ಕೆ ಬೇರೆ ದರ ಎಂದು ಹೆದರಿಸಿದರು.

ಮಾವ ಕುರ್ಚಿಯಿಂದ ಎದ್ದು ಬಂದರು. ಚೀಲಕ್ಕೆ ಬೆರಳು ಹಾಕಿ ದೂಳನ್ನು ತಿಕ್ಕಿ ನೋಡಿದರು.

"ಇದು ಒಲೆ ಬೂದಿ ಥರ ಇದೆಯಲ್ಲಪ್ಪ. ನಾವಿಲ್ಲಿ ವರ್ಷದಿಂದ ನೀಲಿ ಬಟ್ಟೆ ಕತ್ತರಿಸ್ತಿದ್ದೀವಿ. ಇದರಲ್ಲಿ ಒಂದು ಎಳೆ ನೀಲಿ ನೂಲು ತೋರಿಸು, ನೋಡೋಣ."

ಒಬ್ಬ ಇನ್ನೊಬ್ಬನ ಮುಖ ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಇಬ್ಬರೂ ಸಾಮಾನು ಎತ್ತಿಕೊಂಡು ಇಳಿದುಹೋದರು. ಡಕ್ಟ್ ಸ್ವಚ್ಛ ಮಾಡುವುದೆಲ್ಲ ಬರೀ ಮೋಸ, ಇನ್ನು ಆ ಮಾತೇ ಬೇಡ ಎಂದು ಮಾವ ತೀರ್ಪು ಕೊಟ್ಟರು.

ಎರಡು ವಾರ ಕಳೆಯಿತು. ಒಂದು ಮಧ್ಯಾಹ್ನ ಗುಂಡಿ ಅಕ್ಕ ಸೂಜಿ ಕೈಯಲ್ಲಿ ಹಿಡಿದಂತೆಯೇ ಮುಂದಕ್ಕೆ ಬಾಗಿದಳು. ಉಸಿರು ಎಳೆದರೆ ಸಿಳ್ಳೆಯಂಥ ಸದ್ದು, ತುಟಿ ಬಿಳಿಚಿಕೊಂಡಿತ್ತು. ಸೊಸೆ, ಮಾವ ಇಬ್ಬರೂ ಸೇರಿ ಅವಳನ್ನು ಕೆಳಗಿನ ದವಾಖಾನೆಗೆ ಇಳಿಸಿದರು. ವೈದ್ಯರು ಉಸಿರಿನ ಔಷಧಿ ಕೊಟ್ಟ ಮೇಲೆ ನಿಧಾನವಾಗಿ ಚೇತರಿಸಿಕೊಂಡಳು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಅಲ್ಲಿನ ನರ್ಸ್ ಕೇಳಿದಾಗ, ಅವಳು ಮಾವನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು. ಮಾವ ಬಾಗಿಲ ಕಡೆ ಸರಿದು ನಿಂತರು.

ನರ್ಸ್ ಬಿಡಲಿಲ್ಲ. ಮಹಡಿಯಿಂದ ಇಸ್ತ್ರಿಯವಳನ್ನೂ ಕರೆಸಿ, ಕೆಮ್ಮು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಒಬ್ಬೊಬ್ಬರನ್ನೇ ವಿಚಾರಿಸಿದಳು. ಕೆಲಸದ ದಿನ ಎ.ಸಿ. ಹಾಕಿ ಅರ್ಧ ಗಂಟೆಗೆ ಶುರು, ಮನೆಗೆ ಹೋದರೆ ಕಡಿಮೆ, ರಜೆಯ ದಿನ ಇಲ್ಲವೇ ಇಲ್ಲ. ಎಲ್ಲರದ್ದೂ ಅದೇ ಕಥೆ.

ಭಾನುವಾರದ ಮಾತನ್ನು ಮಾವ ತಾವೇ ಒಪ್ಪಿಕೊಂಡರು. ನರ್ಸ್ ಹೇಳಿದಳು: "ನೀವು ಕೇಳಿದ ಪ್ರಶ್ನೆ ಸರಿಯಾಗೇ ಇತ್ತು, ಅಪ್ಪಾಜಿ. ಕೇಳಬೇಕಾಗಿದ್ದು ಅವರನ್ನಲ್ಲ, ಆ ಕೋಣೆಯನ್ನ. ನನ್ನ ಮಾತನ್ನೂ ನಂಬಬೇಡಿ. ಹೋಗಿ ನೀವೇ ನೋಡಿ."

ಮಾವ ಮೇನ್ ಸ್ವಿಚ್ ಆರಿಸಿ, ಏಣಿ ಹಿಡಿದುಕೊಳ್ಳಲು ಸೊಸೆಗೆ ಹೇಳಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹತ್ತಿದರು. ಕತ್ತರಿಸುವ ಮೇಜಿನ ನೆತ್ತಿಯ ಮೇಲೇ ಗಾಳಿ ಒಳಗೆಳೆಯುವ ಜಾಲರಿ. ಅದನ್ನು ಬಿಚ್ಚಿ, ಮೊಬೈಲಿನ ದೀಪ ಹೊತ್ತಿಸಿ ಒಳಗೆ ಚಾಚಿ ಚಿತ್ರ ತೆಗೆದರು. ಕೊಳವೆಯ ತುಂಬ ಕಂಬಳಿ ಹಾಸಿದ ಹಾಗೆ ನೀಲಿ ಬಟ್ಟೆಯ ಎಳೆಗಳ ಜುಂಗು. ಸ್ವಲ್ಪ ಮುಂದೆ, ನೀರು ತೊಟ್ಟಿಕ್ಕುವ ಜಾಗದಲ್ಲಿ, ಒದ್ದೆ ಗೋಣಿಯ ಮೇಲೆ ಬೆಳೆಯುವಂಥದೇ ಬೂಷ್ಟು. ಅವರು ಇಳಿದು ಬಂದು ಚಿತ್ರವನ್ನು ಸೊಸೆಗೆ ತೋರಿಸಿದರು.

ಈ ಸಲ ಕೆಲಸದವರನ್ನು ಹುಡುಕಿದ್ದು ಮಾವನೇ. ಡಕ್ಟ್ ಸ್ವಚ್ಛ ಮಾಡಿಸಿಕೊಂಡ ಮೂರು ಅಂಗಡಿಗಳಿಗೆ ಖುದ್ದು ಹೋಗಿ ವಿಚಾರಿಸಿ ಬಂದ ಮೇಲೆ ಒಂದು ತಂಡವನ್ನು ಕರೆಸಿದರು. ಅದರ ಮುಖ್ಯಸ್ಥೆ ನಡುವಯಸ್ಸಿನ ಹೆಂಗಸು. ಬಂದವಳ ಚೀಲವನ್ನೇ ಅವರು ದಿಟ್ಟಿಸುತ್ತಿದ್ದರು. ಅವಳು ತಾನಾಗಿ ಅದನ್ನು ಬಿಚ್ಚಿಟ್ಟಳು. ಖಾಲಿ.

ಅವಳು ಮೊದಲ ದಿನ ಕೆಲಸ ಶುರುಮಾಡಲೇ ಇಲ್ಲ. ಮೊದಲು ನೀರಿನ ಸೋರಿಕೆ ನಿಲ್ಲಿಸಿ, ಇಲ್ಲದಿದ್ದರೆ ಬೂಷ್ಟು ಮತ್ತೆ ಬರುತ್ತೆ ಎಂದು ಹೇಳಿ ಹೋದಳು. ಸೋರಿಕೆ ನಿಂತ ಮೇಲೆ ಬಂದು, ಯಂತ್ರಗಳಿಗೆಲ್ಲ ಪ್ಲಾಸ್ಟಿಕ್ ಹೊದಿಸಿ, ಜಾಲರಿಗಳ ಬಾಯಿ ಮುಚ್ಚಿ, ದೊಡ್ಡ ಯಂತ್ರದಿಂದ ಹೀರುತ್ತ ಒಳಗಿನಿಂದ ಬ್ರಷ್ ಆಡಿಸಿದಳು. ಒಂದಿಡೀ ದಿನ ಹಿಡಿಯಿತು. ಮಾವ ಕಣ್ಣಲ್ಲಿ ಕಣ್ಣಿಟ್ಟು ಕೂತಿದ್ದರು. ಕೊನೆಗೆ ಕೊಳವೆಯೊಳಗೆ ಕ್ಯಾಮೆರಾ ಬಿಟ್ಟು ತೋರಿಸಿದಳು. ತಗಡು ಹೊಳೆಯುತ್ತಿತ್ತು. ಚೀಲದಲ್ಲಿ ನೀಲಿ ಜುಂಗು ತುಂಬಿತ್ತು.

ಆದರೂ ಮಾವ ಒಂದು ಕೊನೆಯ ಪರೀಕ್ಷೆ ಇಟ್ಟರು. ಮನೆಯಲ್ಲೂ ಇಂಥದೇ ಡಕ್ಟ್ ಇದೆ, ಅದನ್ನೂ ಮಾಡಿಬಿಡಮ್ಮ ಎಂದರು. ಅವಳು ಬಂದು ಎರಡು ಜಾಲರಿ ಬಿಚ್ಚಿ ನೋಡಿದಳು.

"ಇದಕ್ಕೆ ನಾನು ಬೇಕಾಗಿಲ್ಲ. ಫಿಲ್ಟರ್ ಮಾತ್ರ ತೊಳೆದು ಒಣಗಿಸಿ ಹಾಕಿ, ಸಾಕು."

ಬರುವ ಕೆಲಸವನ್ನು ಬೇಡ ಎಂದವಳನ್ನು ಮಾವ ತಮ್ಮ ಜನ್ಮದಲ್ಲಿ ಮೊದಲ ಸಲ ನೋಡಿದ್ದರು. ಅವಳ ಫೋನ್ ಸಂಖ್ಯೆಯನ್ನು ಬರೆಸಿಕೊಂಡು ಗೋಡೆಗೆ ಅಂಟಿಸಿದರು.

ತಿಂಗಳೊಳಗೆ ಸೊಸೆಯ ಕೆಮ್ಮು ಹೋಯಿತು, ಇಸ್ತ್ರಿಯವಳದ್ದೂ ಹೋಯಿತು. ಗುಂಡಿ ಅಕ್ಕ ಇನ್ನೂ ಉಸಿರಿನ ಔಷಧಿ ಸೇದುತ್ತಾಳೆ, ಆದರೆ ದಿನವಿಡೀ ಕೂತು ಕೆಲಸ ಮಾಡುತ್ತಾಳೆ. ಮೇಜನ್ನು ಜಾಲರಿಯಿಂದ ದೂರ ಸರಿಸಿದ್ದಾರೆ. ಮಾವ ಗುಂಡಿ ಅಕ್ಕನ ಹತ್ತಿರ ಹೋಗಿ ತಪ್ಪಾಯ್ತಮ್ಮ ಎಂದರು.

"ಅನುಮಾನ ಬಂದಿದ್ದಕ್ಕೆ ಬೇಜಾರಿಲ್ಲ, ಅಪ್ಪಾಜಿ," ಎಂದಳು ಅವಳು. "ನನ್ನನ್ನೇ ಒಂದು ಮಾತು ಕೇಳಬಹುದಿತ್ತು." ಮಾವ ತಲೆಯಾಡಿಸಿದರು.

ಓದುವ ಅಕ್ಕಂದಿರೇ, ಅಣ್ಣಂದಿರೇ, ಎಲ್ಲ ಕೆಮ್ಮೂ ಡಕ್ಟಿನಿಂದ ಬರುವುದಿಲ್ಲ. ಮೊದಲು ವೈದ್ಯರಿಗೆ ತೋರಿಸಿ. ಆದರೆ ನಿಮ್ಮ ಅಂಗಡಿಯಲ್ಲೋ ಮನೆಯಲ್ಲೋ ಎ.ಸಿ. ಹಾಕಿದಾಗ ಮುಗ್ಗಲು ವಾಸನೆ ಬಂದರೆ, ಜಾಲರಿಯಿಂದ ದೂಳು ಉದುರಿದರೆ, ಇಲಿ ಹುಳುವಿನ ಸುಳಿವು ಕಂಡರೆ, ವಿದ್ಯುತ್ ಆರಿಸಿ ಒಳಗೆ ನೋಡಿ. ಸ್ವಚ್ಛ ಮಾಡುವವರು ಬಂದರೆ ಕೆಲಸಕ್ಕೆ ಮುಂಚೆಯೂ ಆಮೇಲೂ ಒಳಗಿನದನ್ನು ತೋರಿಸಲು ಕೇಳಿ. ಫೋನಿನಲ್ಲಿ ಅಗ್ಗ ಎಂದವರನ್ನು, ಬಂದ ಮೇಲೆ ಹೆದರಿಸುವವರನ್ನು ಹೊಸ್ತಿಲಿನಿಂದಲೇ ಕಳಿಸಿ. ಅನುಮಾನ ಪಡುವುದು ತಪ್ಪಲ್ಲ. ಅದನ್ನು ಕೆಮ್ಮುವವರ ಮೇಲೆ ಹೊರಿಸುವ ಮುಂಚೆ, ತಲೆಯೆತ್ತಿ ಜಾಲರಿಯ ಕಡೆ ಒಮ್ಮೆ ನೋಡಿ.