ಗೋಡೆಯಾಚೆಯ ಜಪಾನ್

ಧಾರವಾಡದ ಕಾರ್ಖಾನೆಯಲ್ಲಿ ಸೌಮ್ಯಾಳಿಗೆ ಕೆಲಸ ಸಿಕ್ಕಿತ್ತು. ಆದರೆ ಮೊದಲು ಎಂಟು ತಿಂಗಳು ಜಪಾನಿನಲ್ಲಿ ತರಬೇತಿ. ಹೋಗುತ್ತೀರೋ ಇಲ್ಲವೋ ಸೋಮವಾರ ತಿಳಿಸಿ ಎಂದಿದ್ದರು. ಹೋಗಬೇಕೆಂಬ ಆಸೆ ಅವಳಿಗೆ ಬೆಟ್ಟದಷ್ಟಿತ್ತು. ನಾಲ್ಕು ವರ್ಷದ ಮಗಳು ನೀಲವ್ವ ಮಾತ್ರ ಒಂದು ರಾತ್ರಿಯೂ ತಾಯಿಯನ್ನು ಬಿಟ್ಟು ಮಲಗಿದವಳಲ್ಲ.

"ತಾಲೀಮು ಮಾಡೂಣು," ಅಂದಳು ಅತ್ತೆ ದಾನವ್ವ. "ಇವತ್ತ ನೀ ಬಾಜೂಮನಿ ಅಬೀದಾನ ಕಡೆ ಮಲಕೋ. ಅದs ನಿನ್ನ ಜಪಾನ. ಕೂಸು ಏನ್ ಮಾಡತೈತಿ ನೋಡೂಣು."

"ಅಲ್ಲಿಗೆ ಪಾಸ್‌ಪೋರ್ಟ್ ಬ್ಯಾಡೇನಬೇ ಯವ್ವಾ?" ಎಂದು ಗಂಡ ಪ್ರಸಾದ ನಕ್ಕ.

"ನಗಬ್ಯಾಡ. ನಿನಗೂ ತಾಲೀಮೈತಿ. ಮಗಳಿಗೆ ಹೆಳಲ ಹಾಕೂದು ಕಲಿ."

ಸಂಜೆ ತಲೆದಿಂಬು ಹಿಡಿದು ಬಂದವಳಿಗೆ ಅಬೀದಾ ಬಾಗಿಲು ತೆರೆದಳು. "ಬರ್ರಿ ಅಕ್ಕಾರ, ವಿಮಾನ ತಡಾ ಆತೇನ್ರಿ?"

ಸೌಮ್ಯಾ ನೇರ ಅಡುಗೆಮನೆಯ ಕಿಟಕಿಗೆ ಹೋಗಿ ನಿಂತಳು. ಗಿಡ್ಡ ಗೋಡೆಯಾಚೆ ತನ್ನದೇ ಅಂಗಳ. ನೀಲವ್ವ ಅಜ್ಜಿಯ ಕೈತುತ್ತು ತಿನ್ನುತ್ತ ಏನೋ ಹರಟುತ್ತಿದ್ದಳು.

"ಅಳಾಕತ್ತಾಳೇನ್ರಿ?"

"ಇಲ್ಲ."

"ಮತ್ತ ನೀವ್ಯಾಕ ಅಳಾಕತ್ತೀರಿ?"

ಅಷ್ಟರಲ್ಲಿ ದಾನವ್ವ ವಿಡಿಯೊ ಕಾಲ್ ಮಾಡಿದಳು. "ನೋಡು, ನಿಮ್ಮವ್ವ ಜಪಾನದಾಗ ಅದಾಳ." ಮಗಳು ಗಂಭೀರವಾಗಿ ಕೈ ಬೀಸಿದಳು. ಅದೇ ಹೊತ್ತಿಗೆ, ಬಕ್ರೀದ್‌ಗೆಂದು ತಂದು ಕಿಟಕಿಯ ಕೆಳಗೆ ಕಟ್ಟಿದ್ದ ಆಡು ಒದರಿತು. ಫೋನಿನಲ್ಲೂ ಒದರಿತು, ಗೋಡೆಯಾಚೆಯಿಂದಲೂ ಒದರಿತು. ನೀಲವ್ವ ಕಣ್ಣರಳಿಸಿ ಅಜ್ಜಿಯತ್ತ ತಿರುಗಿದಳು.

"ಆಯೀ! ಜಪಾನ ಅಬೀದಾ ಚಾಚಿ ಮನ್ಯಾಗ ಐತಿ!"

ದಾನವ್ವ ಸೆರಗು ಬಾಯಿಗಿಟ್ಟು ನಕ್ಕು, ಒಳಗೆ ಹೋಗಿ ಫೋನಿನಲ್ಲೇ ಸೊಸೆಗೆ ಪಿಸುಗುಟ್ಟಿದಳು: "ಛಲೋ ಆತು ಬಿಡು. ಹಂಗs ತಿಳಕೊಂಡಿರ್ಲಿ."

ಸೌಮ್ಯಾಳಿಗೆ ನಗು ಬರಲಿಲ್ಲ. ತಾನಿಲ್ಲದ ದಿನಗಳಲ್ಲಿ ಮಗು ಇದೇ ಗೋಡೆಗೆ ಬಂದು ನಿಂತು ಅವ್ವಾ ಎಂದು ಕೂಗುವುದು ಕಣ್ಣಿಗೆ ಕಟ್ಟಿತು. ಕೂಡಲೇ ಮನೆಗೆ ಹೋದಳು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

"ಆ ಜಪಾನ ಸುಳ್ಳು, ನೀಲವ್ವಾ. ಖರೇ ಜಪಾನ ಭಾಳ ದೂರ ಐತಿ."

"ದುರ್ಗದಬೈಲ ಪ್ಯಾಟಿಗಿಂತ?"

"ಹೂಂ."

"ನವನಗರದ ಅತ್ತಿ ಮನಿಗಿಂತ?"

"ಅದಕ್ಕಿಂತನೂ ಭಾಳ. ನೀ ಇಲ್ಲಿಂದ ಒದರಿದ್ರ ನನಗ ಕೇಳಸೂದಿಲ್ಲ. ಫೋನಿನ್ಯಾಗ ಅಷ್ಟs."

ಮಗುವಿನ ತುಟಿ ನಡುಗಿತು. ಆಮೇಲೆ ಜೋರಾಗಿ ಅತ್ತಳು. ಎಲ್ಲಾ ಕೆಡಿಸಿದಿ ನೋಡು ಎಂಬಂತೆ ದಾನವ್ವ ಕಣ್ಣು ಬಿಟ್ಟಳು. ಸೌಮ್ಯಾ ಸುಮ್ಮನಿರು ಎನ್ನದೆ ಬೆನ್ನು ಸವರುತ್ತ ಕುಳಿತಳು.

ಅಳು ಬಿಕ್ಕಳಿಕೆಗಿಳಿದ ಮೇಲೆ ನೀಲವ್ವ ಕೇಳಿದಳು: "ಹೊಳ್ಳಿ ಬರ್ತಿ?"

"ಬರ್ತೇನಿ."

"ಹಂಗಾರ ಈಗ ಚಾಚಿ ಮನಿಗೆ ಹೋಗಿ ಮಲಕೋ. ಮುಂಜಾನೆ ಬಾ. ಬರ್ತಿ ಇಲ್ಲೋ ನಾ ನೋಡ್ತೇನಿ."

"ಮತ್ತ ಬಂದ್ರಿ?" ಅಂದಳು ಅಬೀದಾ.

"ಈ ಸಲ ಕೂಸs ಕಳಿಸೇತ್ರಿ."

ಬೆಳಗ್ಗೆ ಸೌಮ್ಯಾ ಗೇಟು ತೆರೆದಾಗ ನೀಲವ್ವ ಅಂಗಳದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತು ಕಾಯುತ್ತಿದ್ದಳು. "ಬಂದಿ," ಎಂದು ತಲೆಯಾಡಿಸಿದಳು, ಲೆಕ್ಕ ಸರಿಹೋದವರ ಹಾಗೆ. ಸೌಮ್ಯಾ ಬಾಚಣಿಗೆಗೆ ಕೈ ಚಾಚಿದಳು. ಮಗಳು ಅದನ್ನು ಅಪ್ಪನ ಕೈಗೆ ಕೊಟ್ಟಳು.

"ಅಪ್ಪಾ, ನೀ ಹಾಕು. ಅವ್ವ ನೋಡ್ಲಿ."

ಹೆಳಲು ಸೊಟ್ಟಗಾಯಿತು, ಒಂದು ಕಿವಿಯ ಮೇಲೆ ಕೂದಲು ಜೋತು ಬಿತ್ತು. ಅದನ್ನು ಸರಿಮಾಡಲು ಸೌಮ್ಯಾಳ ಬೆರಳು ತುಡಿದವು. ಕೈ ಕಟ್ಟಿಕೊಂಡು ನಿಂತಳು. ಸೋಮವಾರ, ಹೋಗುತ್ತೇನೆ ಎಂದು ತಿಳಿಸಿದಳು.